ಅತ್ತೆಯ ಬೆಂಚು, ಮಗನ ಮೆಟ್ಟಿಲು

ಲಂಡನ್ನಿನಲ್ಲಿ ನಾವು ಒಂಬತ್ತು ದಿನಗಳಿಗೆ ಬಾಡಿಗೆಗೆ ಹಿಡಿದಿದ್ದ ಮನೆಯ ವಿವರಗಳಲ್ಲಿ ಲಿಫ್ಟ್ ಇದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಲಿಫ್ಟ್ ಇತ್ತು ಕೂಡ. ಆದರೆ ಅದರ ಬಾಗಿಲ ಮೇಲೆ ಕೆಟ್ಟಿದೆ ಎಂಬ ಚೀಟಿ ಅಂಟಿಸಿತ್ತು. ಆ ಚೀಟಿಯ ಅಂಚು ಹಳದಿಗಟ್ಟಿ ಸುರುಳಿ ಸುತ್ತಿಕೊಂಡಿದ್ದುದನ್ನು ನೋಡಿದಾಗಲೇ, ಇದು ನಿನ್ನೆ ಮೊನ್ನೆ ಕೆಟ್ಟದ್ದಲ್ಲ, ನಾವು ಇರುವಷ್ಟರಲ್ಲಿ ಸರಿಹೋಗುವುದೂ ಇಲ್ಲ ಎಂಬುದು ತಿಳಿದುಹೋಯಿತು. ಮನೆ ಎರಡನೆಯ ಮಹಡಿಯಲ್ಲಿ. ನಮ್ಮ ಜೊತೆಗಿದ್ದ ಅತ್ತೆಯವರಿಗೆ ಎಪ್ಪತ್ತೆರಡು ವರ್ಷ, ಎರಡೂ ಮೊಣಕಾಲುಗಳ ನೋವು. ಹತ್ತು ವರ್ಷದ ಮಗ ಸೂಟ್‌ಕೇಸನ್ನು ಕೆಳಗೇ ಬಿಟ್ಟು ಓಡಿಹೋಗಿ, ಓಡಿಬಂದು, ಮೂವತ್ನಾಲ್ಕು ಮೆಟ್ಟಿಲು ಎಂದು ವರದಿ ಒಪ್ಪಿಸಿದ. ಅತ್ತೆ ಒಂದು ಕ್ಷಣ ಮೇಲೆ ನೋಡಿ, ಕಂಬಿಯನ್ನು ಹಿಡಿದುಕೊಂಡು, "ಚಾಮುಂಡಿ ಬೆಟ್ಟಕ್ಕೆ ಸಾವಿರ ಹತ್ತಿದೀನಂತೆ, ಇದೇನು ಮಹಾ" ಎಂದು ಹೊರಟರು. ಬೆಟ್ಟ ಹತ್ತಿದ್ದು ಮದುವೆಗೆ ಮುಂಚೆ ಎಂಬುದನ್ನು ಯಾರೂ ನೆನಪಿಸಲಿಲ್ಲ.

ಮೇಲೆ ತಲುಪಿದ ಮೇಲೆ ಕುರ್ಚಿಯಲ್ಲಿ ಕೂತು, ಉಸಿರು ಹದಕ್ಕೆ ಬಂದ ನಂತರ, ಅವರು ತಮ್ಮ ಒಂದೇ ಷರತ್ತನ್ನು ಹೇಳಿದರು. ದಿನಕ್ಕೆ ಒಂದು ಸಲ ಇಳಿಯುತ್ತೇನೆ, ಒಂದು ಸಲ ಹತ್ತುತ್ತೇನೆ. ಮಧ್ಯಾಹ್ನ ಊಟಕ್ಕೆ ಬಂದು ಹೋಗೋಣ, ಸಂಜೆ ಸ್ವಲ್ಪ ಮಲಗಿ ಎದ್ದು ಹೋಗೋಣ ಎಂಬುದೆಲ್ಲ ಆಗದ ಮಾತು. ಮೈಸೂರಿನಲ್ಲಿ ಎರಡು ತಿಂಗಳು ಕೂತು ನಾನು ತಯಾರಿಸಿದ್ದ ಕಾರ್ಯಕ್ರಮದ ಪಟ್ಟಿ, ದಿನಕ್ಕೆ ನಾಲ್ಕು ಜಾಗಗಳಂತೆ ಬಣ್ಣಬಣ್ಣದ ಗೆರೆಗಳನ್ನು ಎಳೆದಿದ್ದದ್ದು, ಆ ಸಂಜೆಯೇ ನಿರುಪಯುಕ್ತವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ರಾತ್ರಿಯವರೆಗೆ ಹೊರಗೇ ಇರಬೇಕು, ಹಾಗಿರಬೇಕಾದರೆ ಅತ್ತೆಗೆ ಗಂಟೆಗೊಮ್ಮೆಯಾದರೂ ಕೂರಲು ಜಾಗ ಬೇಕು. 2024ರ ಮೇ ತಿಂಗಳಿನಲ್ಲಿ ನಾವು ಲಂಡನ್ ನೋಡಿದ್ದು ಹೀಗೆ, ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ. ಮಗನ ಲೆಕ್ಕ ಮಾತ್ರ ಬೇರೆಯೇ ಇತ್ತು. ಮೂವತ್ನಾಲ್ಕರಿಂದ ಶುರುಮಾಡಿದವನು ಊರಿನ ಮೆಟ್ಟಿಲುಗಳನ್ನೆಲ್ಲ ಎಣಿಸುವುದಾಗಿ ಪಣತೊಟ್ಟಿದ್ದ.

ಮನೆ ಇದ್ದದ್ದು ಪಶ್ಚಿಮ ಲಂಡನ್ನಿನ ಈಲಿಂಗ್‌ನಲ್ಲಿ. ಹೀಥ್ರೋ ವಿಮಾನ ನಿಲ್ದಾಣದಿಂದ ಎಲಿಜಬೆತ್ ಲೈನಿನ ರೈಲು ನೇರವಾಗಿ ಅಲ್ಲಿಗೇ ಬರುತ್ತದೆ. 2022ರಲ್ಲಿ ಶುರುವಾದ ಈ ಮಾರ್ಗದ ಎಲ್ಲ ನಿಲ್ದಾಣಗಳಲ್ಲೂ ಮೆಟ್ಟಿಲಿಲ್ಲದೆ ಓಡಾಡಬಹುದು. ಹಳೆಯ ಸುರಂಗ ರೈಲಿನ ಕಥೆ ಹಾಗಲ್ಲ. ಅದರ ಮೊದಲ ಮಾರ್ಗ ಆರಂಭವಾದದ್ದು 1863ರಲ್ಲಿ, ಉಗಿಬಂಡಿಗಳ ಕಾಲದಲ್ಲಿ. ಮೊಣಕಾಲು ನೋವಿನವರನ್ನು ನೆನೆದು ಕಟ್ಟಿದ್ದಲ್ಲ. 272 ನಿಲ್ದಾಣಗಳ ಪೈಕಿ ಸುಮಾರು ಮೂರನೆಯ ಒಂದು ಭಾಗದಲ್ಲಿ ಮಾತ್ರ ಮೆಟ್ಟಿಲಿಲ್ಲದ ದಾರಿ ಇದೆ. ನಕ್ಷೆಯಲ್ಲಿ ಅವುಗಳಿಗೆ ಗಾಲಿಕುರ್ಚಿಯ ಚಿಹ್ನೆ ಹಾಕಿರುತ್ತಾರೆ: ನೀಲಿ ಬಣ್ಣದ ಚಿಹ್ನೆ ಇದ್ದರೆ ರಸ್ತೆಯಿಂದ ರೈಲಿನೊಳಗಿನವರೆಗೂ ಮೆಟ್ಟಿಲಿಲ್ಲ, ಬಿಳಿಯದಾದರೆ ಪ್ಲಾಟ್‌ಫಾರ್ಮಿನವರೆಗೆ ಮಾತ್ರ. ಹದಿನಾಲ್ಕು ವರ್ಷದ ಮಗಳು ಈ ನೀಲಿ ಬಿಳಿಗಳ ಜವಾಬ್ದಾರಿ ವಹಿಸಿಕೊಂಡಳು, ಮತ್ತು ಪ್ರವಾಸ ಮುಗಿಯುವವರೆಗೆ ಯಾರ ಸಲಹೆಯನ್ನೂ ಕೇಳಲಿಲ್ಲ. ಅವಳ ಪ್ರಯಾಣದ ಕಾರ್ಡಿಗೆ ನಿಲ್ದಾಣದ ಸಿಬ್ಬಂದಿಯನ್ನು ಕೇಳಿ ಹನ್ನೊಂದರಿಂದ ಹದಿನೈದು ವಯಸ್ಸಿನವರಿಗೆ ಕೊಡುವ ಅರ್ಧ ದರವನ್ನು ಹಾಕಿಸಿಕೊಂಡಿದ್ದೆವು. ಹನ್ನೊಂದು ತುಂಬದ ಮಗನಿಗೆ ದುಡ್ಡೇ ಇಲ್ಲ. ಮಕ್ಕಳೊಂದಿಗೆ ಹೋಗುವವರು ಇದನ್ನು ಮೊದಲ ದಿನವೇ ಮಾಡಿಸಿಕೊಳ್ಳುವುದು ಲೇಸು, ಏಕೆಂದರೆ ಆಗಿನ ಲೆಕ್ಕದಲ್ಲಿ ಪೌಂಡಿಗೆ ನೂರೈದು ರೂಪಾಯಿಯಂತೆ ಗುಣಿಸುತ್ತಾ ಹೋದರೆ ಸಂಜೆಯ ಹೊತ್ತಿಗೆ ಯಾವ ಊರಿನ ಸೌಂದರ್ಯವೂ ಕಣ್ಣಿಗೆ ಹಿಡಿಸುವುದಿಲ್ಲ.

ಆದರೆ ಅತ್ತೆಗೆ ಒಪ್ಪಿಗೆಯಾದದ್ದು ಬಸ್ಸು. ಒಮ್ಮೆ ಹತ್ತಲು ಆಗ ಒಂದು ಮುಕ್ಕಾಲು ಪೌಂಡ್ ಇತ್ತು. ಕಾರ್ಡನ್ನು ಮುಟ್ಟಿಸಬೇಕು, ನಗದು ತೆಗೆದುಕೊಳ್ಳುವುದೇ ಇಲ್ಲ. ಬಸ್ಸು ನಿಂತಾಗ ಬಾಗಿಲ ಕಡೆಗೆ ಸ್ವಲ್ಪ ಬಾಗಿಕೊಳ್ಳುತ್ತದೆ, ಅದನ್ನು ಕಂಡು ಅವರು ಪ್ರತಿ ಸಲವೂ "ನಮಸ್ಕಾರ ಮಾಡ್ತು ನೋಡು" ಎನ್ನುತ್ತಿದ್ದರು. ಮುಂದಿನ ಸೀಟುಗಳಲ್ಲಿ ಕೂತಿದ್ದ ಹುಡುಗರು ಇವರ ಸೀರೆ, ಸ್ವೆಟರು, ಕಾಲುಚೀಲದ ಮೇಲೆ ತೊಟ್ಟ ದಪ್ಪ ಬೂಟು ನೋಡಿ ಹೇಳಿಸಿಕೊಳ್ಳದೆ ಎದ್ದುಬಿಡುತ್ತಿದ್ದರು. ಡಬಲ್ ಡೆಕರ್ ಬಸ್ಸು ಅವರಿಗೆ ಹೊಸದೇನಲ್ಲ. ಬೆಂಗಳೂರಿನಲ್ಲಿ ಅವು ಓಡುತ್ತಿದ್ದ ಕಾಲದಲ್ಲಿ ತಮ್ಮನ ಮನೆಗೆ ಹೋದಾಗಲೆಲ್ಲ ಮೇಲಿನ ಅಂತಸ್ತಿನ ಮುಂದಿನ ಸೀಟಿಗೇ ಓಡುತ್ತಿದ್ದರಂತೆ. ಇಲ್ಲಿ ಆ ಸೀಟು ಮಕ್ಕಳ ಪಾಲಾಯಿತು. ಬಸ್ ನಿಲ್ದಾಣದ ಆಸನಗಳ ಬಗ್ಗೆ ಮಾತ್ರ ಅವರ ಅಸಮಾಧಾನ ಕೊನೆಯವರೆಗೂ ಹೋಗಲಿಲ್ಲ. ಅವು ಕೆಂಪು ಬಣ್ಣದ, ಅಂಗೈಯಗಲದ, ಮುಂದಕ್ಕೆ ಇಳಿಜಾರಾದ ಹಲಗೆಗಳು. ಕೂತರೆ ಜಾರಬೇಕು, ನಿಂತರೆ ನೋಯಬೇಕು. ಯಾರೂ ಮಲಗದಿರಲಿ ಎಂದು ಹಾಗೆ ಮಾಡಿರಬಹುದು ಎಂದು ನಮ್ಮವರು ವಿವರಿಸಿದಾಗ, "ಮಲಗೋನು ಎಲ್ಲಾದರೂ ಮಲಗ್ತಾನೆ, ಕೂರೋರು ಏನು ಪಾಪ ಮಾಡಿದ್ರು?" ಎಂದರು.

ಉದ್ಯಾನಗಳ ಬೆಂಚುಗಳ ವಿಷಯ ಬೇರೆ. ಎರಡನೆಯ ದಿನ ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಕಾವಲು ಬದಲಾಗುವುದನ್ನು ನೋಡಲು ಹೋದೆವು. ಹತ್ತು ಗಂಟೆಗೇ ಗೇಟಿನ ಕಂಬಿಗಳ ಮುಂದೆ ನಾಲ್ಕು ಸಾಲು ಜನ ನಿಂತಾಗಿತ್ತು, ಕೂರಲು ಎಲ್ಲೂ ಜಾಗವಿರಲಿಲ್ಲ. ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ಅಭ್ಯಾಸವಿರುವ ನಾವು ಹೆದರುವವರಲ್ಲವಾದರೂ, ಅತ್ತೆಯ ಮುಖ ನೋಡಿ ಪಕ್ಕದ ಸೇಂಟ್ ಜೇಮ್ಸ್ ಪಾರ್ಕಿಗೆ ಹೊರಳಿಕೊಂಡೆವು. ಅಲ್ಲಿ ಮೊದಲು ಕಂಡದ್ದು ಹಸಿರು ಪಟ್ಟೆಯ ಬಟ್ಟೆಯ ಮಡಿಸುವ ಕುರ್ಚಿಗಳು. ಅತ್ತೆ ಬಹಳ ಸಂತೋಷದಿಂದ ಒಂದರಲ್ಲಿ ಕೂತರು, ಕೂತದ್ದೇ ಬಟ್ಟೆಯೊಳಗೆ ಹುದುಗಿಹೋದರು. ಎರಡು ನಿಮಿಷದಲ್ಲಿ ಬಾಡಿಗೆ ಕೇಳುವವನು ಬಂದ. ದುಡ್ಡು ಕೊಡುವುದಕ್ಕಿಂತ ಎದ್ದುಹೋಗುವುದು ಮೇಲು ಎಂಬುದು ಅವರ ತೀರ್ಮಾನ, ಆದರೆ ಏಳಲು ಆಗಬೇಕಲ್ಲ. ನಾನೊಂದು ಕೈ, ನಮ್ಮವರೊಂದು ಕೈ ಹಿಡಿದು ಎತ್ತುವಷ್ಟರಲ್ಲಿ ನಗು ತಡೆಯಲಾರದೆ ಮೂವರೂ ಮತ್ತೆ ಕುಸಿದೆವು. ಬಾಡಿಗೆಯವನು ದುಡ್ಡು ಬೇಡವೆಂದು ಕೈಯಾಡಿಸಿ ಮುಂದೆ ಹೋದ.

ನಂತರ ಸಿಕ್ಕಿದ್ದು ಕೆರೆಯ ದಡದ ಒಂದು ಮರದ ಬೆಂಚು. ಅದರ ಬೆನ್ನಿನ ಮೇಲೆ ಬೆರಳುದ್ದದ ಹಿತ್ತಾಳೆಯ ತಗಡೊಂದನ್ನು ಬಡಿದಿದ್ದರು. ಮಗಳು ಅದನ್ನು ಓದಿ ಅರ್ಥ ಹೇಳಿದಳು: ತೀರಿಹೋದ ಒಬ್ಬ ಹೆಂಗಸಿನ ನೆನಪಿಗೆ ಮನೆಯವರು ಇಡಿಸಿದ ಬೆಂಚು, ಆಕೆಗೆ ಈ ಜಾಗ ಇಷ್ಟವಾಗಿತ್ತಂತೆ. ಅತ್ತೆ ಕೂರಲು ಹೋದವರು ನಿಂತರು. ಸತ್ತವರ ಹೆಸರಿನ ಮೇಲೆ ಬೆನ್ನು ಒರಗಿಸುವುದು ಹೇಗೆ ಎಂಬ ಸಂಕೋಚ. ಆಮೇಲೆ ತಗಡನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು, ಸ್ವಲ್ಪ ಪಕ್ಕಕ್ಕೆ ಸರಿದು ಕೂತರು. ಆ ದಿನದಿಂದ ಲಂಡನ್ನಿನ ಯಾವ ಬೆಂಚಿನಲ್ಲಿ ಕೂರುವ ಮೊದಲೂ ಬರಹ ಇದೆಯೇ ಎಂದು ನೋಡಿ, ಇದ್ದರೆ ಓದಿಸಿಕೊಂಡು, ಮುಟ್ಟಿ, ಆಮೇಲೆಯೇ ಕೂರುವುದು ಪದ್ಧತಿಯಾಯಿತು. ನಮ್ಮ ದೇವಸ್ಥಾನಗಳಲ್ಲೂ ಕಲ್ಲುಬೆಂಚಿಗೆ, ಫ್ಯಾನಿಗೆ, ಬೆಳಕೇ ಬೀಳದಷ್ಟು ದೊಡ್ಡ ಅಕ್ಷರಗಳಲ್ಲಿ ಟ್ಯೂಬ್‌ಲೈಟಿಗೂ ಹೆಸರು ಬರೆಸಿರುತ್ತಾರೆ. ಆದರೆ ನಮ್ಮಲ್ಲಿ ಕೊಟ್ಟವರ ಹೆಸರು ದೊಡ್ಡದಾಗಿರುತ್ತದೆ, ಇಲ್ಲಿ ಕೊಟ್ಟವರ ಹೆಸರೇ ಹಲವು ಕಡೆ ಇರುವುದಿಲ್ಲ, ಹೋದವರಿಗೆ ಏನು ಇಷ್ಟವಾಗಿತ್ತು ಎಂಬುದಿರುತ್ತದೆ ಎಂಬ ವ್ಯತ್ಯಾಸವನ್ನು ಕಂಡುಹಿಡಿದವರು ಅತ್ತೆಯೇ.

ಆ ಬೆಂಚಿನಿಂದ ಅವರು ಕಂಡ ಇನ್ನೊಂದು ಸಂಗತಿಯಿದೆ. ಕೆರೆಯ ಬಂಡೆಯ ಮೇಲೆ ದೊಡ್ಡ ಬಿಳಿ ಹಕ್ಕಿಗಳು ಕೂತಿದ್ದವು, ಉದ್ದ ಕೊಕ್ಕಿನ ಕೆಳಗೆ ಜೋಲುವ ಚೀಲ. "ಹೆಜ್ಜಾರ್ಲೆ ಕಣೇ" ಎಂದರು. ಹೌದು, ಪೆಲಿಕನ್‌ಗಳೇ. 1664ರಲ್ಲಿ ರಷ್ಯಾದ ರಾಯಭಾರಿ ಎರಡನೆಯ ಚಾರ್ಲ್ಸ್ ದೊರೆಗೆ ಉಡುಗೊರೆಯಾಗಿ ಕೊಟ್ಟಂದಿನಿಂದ ಈ ಪಾರ್ಕಿನಲ್ಲಿ ಪೆಲಿಕನ್‌ಗಳನ್ನು ಸಾಕುವ ರೂಢಿಯಿದೆ. ಮದ್ದೂರಿನ ಬಳಿಯ ಕೊಕ್ಕರೆಬೆಳ್ಳೂರಿನಲ್ಲಿ ಮನೆಯ ಹಿತ್ತಿಲ ಹುಣಸೆಮರದಲ್ಲಿ ಗೂಡು ಕಟ್ಟುವ ನಮ್ಮ ಹೆಜ್ಜಾರ್ಲೆ ಬೂದುಬಣ್ಣದ್ದು, ಇದು ಬೇರೆ ಜಾತಿ ಎಂದು ಮಗಳು ತಿದ್ದಿದಳು. ಅಷ್ಟರಲ್ಲಿ ವಾದ್ಯದ ಸದ್ದು ಕೇಳಿಸಿ, ಎದ್ದು ಪಾರ್ಕಿನ ಅಂಚಿನವರೆಗೆ ಹೋದರೆ, ಕೆಂಪು ಅಂಗಿ, ಕರಡಿ ತುಪ್ಪಳದ ಟೋಪಿಯ ದಳವೇ ದಿ ಮಾಲ್ ರಸ್ತೆಯಲ್ಲಿ ಅರಮನೆಯ ಕಡೆಗೆ ನಡೆದು ಹೋಗುತ್ತಿತ್ತು. ಕಂಬಿಯ ಮುಂದೆ ಎರಡು ಗಂಟೆ ನಿಂತವರಿಗೆ ಕಂಡದ್ದಕ್ಕಿಂತ ನಮಗೆ ಚೆನ್ನಾಗಿಯೇ ಕಂಡಿತು.

ಮನೆಗೆ ಮಧ್ಯಾಹ್ನ ಬರುವಂತಿಲ್ಲವಾದ್ದರಿಂದ ಊಟವೂ ಬೆಂಚುಗಳ ಮೇಲೆಯೇ. ಅತ್ತೆ ಊರಿನಿಂದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಗಟ್ಟಿ ಅವಲಕ್ಕಿ, ಹುರಿದ ಕಡಲೆಕಾಯಿ ತಂದಿದ್ದರು. ಹಾಲಿನ ಪದಾರ್ಥಗಳನ್ನು ಒಳಗೆ ಬಿಡುವುದಿಲ್ಲವೆಂದು ತುಪ್ಪದ ಡಬ್ಬವನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಂದಿದ್ದರು, ಮತ್ತು ಆ ನೋವನ್ನು ದಿನವೂ ಒಮ್ಮೆ ಹೇಳಿಕೊಳ್ಳುತ್ತಿದ್ದರು. ತರಕಾರಿಗೆ ರೈಲಿನಲ್ಲಿ ನಾಲ್ಕೈದು ನಿಮಿಷದ ಸೌತಾಲ್‌ಗೆ ಹೋಗುತ್ತಿದ್ದೆವು. ಅಲ್ಲಿ ನಿಲ್ದಾಣದ ಹೆಸರನ್ನೇ ಗುರುಮುಖಿ ಲಿಪಿಯಲ್ಲೂ ಬರೆದಿದ್ದಾರೆ. ಬೆಂಡೆಕಾಯಿ, ಹಸಿಮೆಣಸಿನಕಾಯಿ, ಕಟ್ಟುಗಟ್ಟಲೆ ಕೊತ್ತಂಬರಿ ಅಂಗಡಿಯ ಮುಂದೆಯೇ ರಾಶಿ ಬಿದ್ದಿರುತ್ತದೆ. ಬೆಳಿಗ್ಗೆ ಏಳಕ್ಕೆ ಕಲಸಿದ ಪುಳಿಯೋಗರೆಯನ್ನು ಮಧ್ಯಾಹ್ನ ಒಂದಕ್ಕೆ ಥೇಮ್ಸ್ ದಡದಲ್ಲಿ ಸ್ಟೀಲ್ ಡಬ್ಬಿಯಿಂದ ತಿನ್ನುವಾಗ, ಕ್ಲಿಯೋಪಾತ್ರಾಳ ಸೂಜಿ ಎಂದು ಕರೆಯುವ ಈಜಿಪ್ಟಿನ ಕಲ್ಲುಕಂಬ ಹತ್ತಿರದಲ್ಲೇ ಇತ್ತು. 1878ರಲ್ಲಿ ಅದನ್ನು ಅಲ್ಲಿ ನಿಲ್ಲಿಸಿದರಂತೆ. ಆ ದಡದ ಬೆಂಚುಗಳ ಕೈಗಳು ಬೀಡುಕಬ್ಬಿಣದ ಒಂಟೆಗಳು, ಸಿಂಹನಾರಿಯರು. ಒಂಟೆಯ ಬೆನ್ನಿನ ಮೇಲೆ ಚಟ್ನಿಪುಡಿಯ ಬಾಟಲಿ ಇಟ್ಟುಕೊಂಡು ಉಂಡೆವು.

ಮಿಕ್ಕ ಪ್ರಸಿದ್ಧ ಜಾಗಗಳನ್ನು ಬೇಗ ಮುಗಿಸುತ್ತೇನೆ. ಬಿಗ್ ಬೆನ್ ಎಂಬುದು ಗೋಪುರದ ಹೆಸರಲ್ಲ, ಒಳಗಿನ ಗಂಟೆಯದು ಎಂದು ಮಗ ಕಂಡವರಿಗೆಲ್ಲ ಹೇಳಿದ. ಲಂಡನ್ ಐ ಎಂಬ 135 ಮೀಟರ್ ಎತ್ತರದ ಚಕ್ರ ಅರ್ಧ ಗಂಟೆಗೆ ಒಂದು ಸುತ್ತು ಬರುತ್ತದೆ. ಗಾಜಿನ ಗೂಡಿನ ನಡುವೆ ಮರದ ಆಸನ ಇದ್ದುದರಿಂದ ನಮ್ಮ ಮನೆಯ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಯಿತು, ಟಿಕೆಟ್ಟಿನ ದುಡ್ಡು ನೆನೆದರೆ ನನಗೆ ಇನ್ನೂ ಸಮಾಧಾನವಿಲ್ಲ. ಲಂಡನ್ ಟವರ್‌ನಲ್ಲಿ ಕನಿಷ್ಠ ಆರು ದೊಡ್ಡ ಕಾಗೆಗಳನ್ನು ಸಾಕಬೇಕು, ಅವು ಬಿಟ್ಟುಹೋದರೆ ರಾಜ್ಯ ಉರುಳುತ್ತದೆ ಎಂಬ ನಂಬಿಕೆಯಿದೆಯೆಂದು ಕೇಳಿ ಅತ್ತೆಗೆ ಆ ಊರಿನ ಬಗ್ಗೆ ಗೌರವ ಹೆಚ್ಚಿತು. ಪಿತೃಪಕ್ಷದಲ್ಲಿ ಎಡೆ ಇಟ್ಟು ಕಾಗೆಗಾಗಿ ಕಾಯುವವರಿಗೆ ಅದು ವಿಚಿತ್ರವಾಗಿ ಕಾಣುವುದಿಲ್ಲ. ಆದರೆ ಟವರ್‌ನಲ್ಲಿ ಅವರ ಮನಸ್ಸು ಗೆದ್ದದ್ದು ಕಿರೀಟಗಳ ಮುಂದೆ ನೆಲವೇ ಚಲಿಸುವ ವ್ಯವಸ್ಥೆ. ಜನ ಗುಂಪುಗಟ್ಟಿ ನಿಲ್ಲದಿರಲೆಂದು ಅಲ್ಲಿ ಚಲಿಸುವ ಪಟ್ಟಿಯನ್ನು ಹಾಕಿದ್ದಾರೆ. ಅದರ ಮೇಲೆ ನಿಂತರೆ ಸಾಕು, ರಾಜಮನೆತನದ ಆಭರಣಗಳೆಲ್ಲ ತಾವಾಗಿ ಸರಿದು ಹೋಗುತ್ತವೆ. ಅತ್ತೆ ಮೂರು ಸಲ ಹೋಗಿಬಂದರು. ಕೊಹಿನೂರು ಇರುವುದು 1937ರಲ್ಲಿ ರಾಣಿ ಎಲಿಜಬೆತ್‌ಗಾಗಿ, ಅಂದರೆ 2022ರಲ್ಲಿ ತೀರಿಕೊಂಡ ರಾಣಿಯ ತಾಯಿಗಾಗಿ ಮಾಡಿಸಿದ ಕಿರೀಟದಲ್ಲಿ. 186 ಕ್ಯಾರೆಟ್ ಇದ್ದ ವಜ್ರವನ್ನು 1852ರಲ್ಲಿ ಮತ್ತೆ ಕತ್ತರಿಸಿ 105.6ಕ್ಕೆ ಇಳಿಸಿದರು. 1849ರಲ್ಲಿ ಲಾಹೋರಿನ ಒಪ್ಪಂದದ ಪ್ರಕಾರ ಅದನ್ನು ಬಿಟ್ಟುಕೊಟ್ಟ ಮಹಾರಾಜ ದುಲೀಪ್ ಸಿಂಗನಿಗೆ ಆಗ ಹತ್ತು ವರ್ಷ ಎಂದು ನಮ್ಮವರು ಹೇಳಿದಾಗ, ಮಗ ತನ್ನ ವಯಸ್ಸೇ ಎಂಬುದನ್ನು ಗಮನಿಸಿ ಬಹಳ ಹೊತ್ತು ಮಾತಾಡಲಿಲ್ಲ. "ನನ್ನ ಹತ್ತಿರ ಸಹಿ ಹಾಕಿಸಿಕೊಂಡರೆ ಅದು ನಡೆಯುತ್ತಾ?" ಎಂದು ಕೇಳಿದ್ದು ಬಸ್ಸಿನಲ್ಲಿ.

ನನಗೆ ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾಗಿದ್ದದ್ದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಹುಲಿ. ಅದಕ್ಕೆ ಹತ್ತಿರದ ಸೌತ್ ಕೆನ್ಸಿಂಗ್ಟನ್ ನಿಲ್ದಾಣದಲ್ಲಿ ಮೆಟ್ಟಿಲುಗಳಿರುವುದರಿಂದ ಮಾರ್ಬಲ್ ಆರ್ಚ್ ಬಳಿ 74ನೆಯ ನಂಬರಿನ ಬಸ್ಸು ಹಿಡಿದೆವು. ಈ ಸುತ್ತುದಾರಿಯಿಂದ ಒಂದು ಲಾಭವಾಯಿತು. ಹೈಡ್ ಪಾರ್ಕಿನ ಮೂಲೆಯಲ್ಲಿ ಬಸ್ಸು ತಿರುಗುವಾಗ ಆಪ್‌ಸ್ಲಿ ಹೌಸ್ ಕಾಣುತ್ತದೆ, ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ನನ ಮನೆ. ಆ ಡ್ಯೂಕ್ 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಕೋಟೆ ಬಿದ್ದ ಮೇಲೆ ಅದರ ಆಡಳಿತ ಅವನ ಕೈಗೇ ಬಂತು. ಪಟ್ಟಣದ ಹತ್ತಿರ ಕಾವೇರಿಗೆ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆ ಇವನ ಅಣ್ಣ, ಆಗಿನ ಗವರ್ನರ್ ಜನರಲ್ಲನ ಹೆಸರಿನದು. ಆ ಸೇತುವೆಯ ಕಲ್ಲುಕಂಬಗಳ ಕೆಳಗೆ ನೀರಾಡಿಕೊಂಡು ಬೆಳೆದವರು ನಮ್ಮವರು. ಆ ಡ್ಯೂಕನ ಮನೆಯ ಮುಂದಿನಿಂದ ಹಾದು ಹುಲಿಯ ಹತ್ತಿರ ಹೋಗುತ್ತಿದ್ದೇವೆ ಎಂಬುದು ಬಸ್ಸಿನಲ್ಲಿ ಬೇರೆ ಯಾರಿಗೂ ತಿಳಿಯಬೇಕಾದ ವಿಷಯವಾಗಿರಲಿಲ್ಲ.

ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ, ಒಳಗೆ ಹೊತ್ತುಕೊಂಡು ಓಡಾಡುವ ಮಡಿಸುವ ಸ್ಟೂಲುಗಳೂ ಸಿಗುತ್ತವೆ. ಅತ್ತೆ ಸ್ಟೂಲನ್ನು ಗಾಜಿನ ಪೆಟ್ಟಿಗೆಯ ಎದುರಿಗೇ ಹಾಕಿಸಿಕೊಂಡು ಕೂತರು, ಹಾಗಾಗಿ ಹುಲಿ ಅವರ ಕಣ್ಣಿನ ಮಟ್ಟಕ್ಕೆ ಬಂತು. ಪಾಠಪುಸ್ತಕದ ಚಿತ್ರದಲ್ಲಿ ನಾನು ಅದನ್ನು ಭಯಂಕರವೆಂದು ತಿಳಿದಿದ್ದೆ. ಎದುರಿಗೆ ಕಂಡಾಗ ಅದು ಮರದ ಬೊಂಬೆ, ಹಳದಿ ಮೈಯ ಮೇಲೆ ಕಪ್ಪು ಪಟ್ಟೆ ಬಳಿದದ್ದು, ದುಂಡು ಕಣ್ಣಿನದು. ಕೆಳಗೆ ಅಂಗಾತ ಬಿದ್ದಿರುವ ಯುರೋಪಿನ ಮನುಷ್ಯ, ಕೆಂಪು ಕೋಟು, ಕಪ್ಪು ಟೋಪಿ; ಹುಲಿಯ ಹಲ್ಲು ಅವನ ಕುತ್ತಿಗೆಗೆ ನೆಟ್ಟಿದ್ದರೂ ಮುಖದಲ್ಲಿ ಆಶ್ಚರ್ಯವೇ ಹೆಚ್ಚು. ಪಕ್ಕದಲ್ಲೊಂದು ಹಿಡಿ ಇದೆ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ತುಂಬಿಕೊಂಡು ಮನುಷ್ಯ ನರಳುತ್ತಾನೆ, ಕೈ ಎತ್ತುತ್ತಾನೆ, ಹುಲಿ ಗುರುಗುಟ್ಟುತ್ತದೆ. ಹೊಟ್ಟೆಯ ಪಕ್ಕದ ಹಲಗೆ ತೆರೆದರೆ ಹಾರ್ಮೋನಿಯಮ್ಮಿನ ಹಾಗೆ ಮನೆಗಳಿವೆ, ನುಡಿಸಬಹುದು. ಈಗ ಅದನ್ನು ಯಾರೂ ಮುಟ್ಟುವಂತಿಲ್ಲ. ಶ್ರೀರಂಗಪಟ್ಟಣದ ಪತನದ ನಂತರ ಇಲ್ಲಿಗೆ ಬಂದ ಇದನ್ನು 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಜನರಿಗೆ ತೋರಿಸುತ್ತಿದ್ದರು. ಬಂದವರೆಲ್ಲ ಹಿಡಿ ತಿರುಗಿಸಿ ಅರಚಿಸುತ್ತಿದ್ದರಿಂದ ಅಲ್ಲಿನ ಗ್ರಂಥಾಲಯದಲ್ಲಿ ಓದುತ್ತಿದ್ದವರಿಗೆ ತಲೆ ಚಿಟ್ಟುಹಿಡಿಯುತ್ತಿತ್ತಂತೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಮಾಡು ಕುಸಿದು ಹುಲಿ ಚೂರಾಗಿ, ಮತ್ತೆ ಜೋಡಿಸಿಕೊಂಡಿತು.

1799ರ ಮೇ 4ರಂದು ಟಿಪ್ಪು ಸತ್ತದ್ದು. ನಾವು ಹೋದದ್ದೂ ಮೇ ತಿಂಗಳು, ಇನ್ನೂರ ಇಪ್ಪತ್ತೈದು ವರ್ಷ ತುಂಬಿದ ತಿಂಗಳು. ಬೇಕೆಂದು ಮಾಡಿದ್ದಲ್ಲ, ಶಾಲೆಯ ರಜೆ ಇದ್ದದ್ದು ಆಗ. ಟಿಪ್ಪುವಿನ ಬಗ್ಗೆ ನಮ್ಮ ಮನೆಯಲ್ಲೇ ಎರಡು ಅಭಿಪ್ರಾಯಗಳಿವೆ, ಅದನ್ನು ಲಂಡನ್ನಿನವರೆಗೆ ಹೊತ್ತೊಯ್ಯುವುದು ಬೇಡವೆಂದು ಮೊದಲೇ ಒಪ್ಪಂದವಾಗಿತ್ತು. ಗಾಜಿನ ಮುಂದೆ ನಿಂತಾಗ ಆ ಜಗಳ ನೆನಪಾಗಲಿಲ್ಲ. ಮನೆಯಿಂದ ಹದಿನೈದು ಕಿಲೋಮೀಟರ್ ದೂರದಲ್ಲಿದ್ದಿರಬಹುದಾದ ವಸ್ತುವೊಂದನ್ನು ನೋಡಲು ವೀಸಾಕ್ಕೆ ತಲೆಗೆ 115 ಪೌಂಡ್ ಕಟ್ಟಿ, ಬೆರಳಚ್ಚು ಕೊಟ್ಟು ಬಂದಿದ್ದೇವೆ ಎಂಬ ಲೆಕ್ಕ ಮಾತ್ರ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಅತ್ತೆ ಹತ್ತು ನಿಮಿಷ ನೋಡಿ, ಬಣ್ಣ ಎಲ್ಲೆಲ್ಲಿ ಎದ್ದಿದೆ ಎಂಬುದನ್ನೆಲ್ಲ ಗಮನಿಸಿ, "ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆ, ಕೆಳಗಿನ ಮೆಟ್ಟಿಲಲ್ಲಿ ಇದು. ನಮ್ಮ ನವರಾತ್ರಿಗೆ ಎಷ್ಟು ಚೆನ್ನಾಗಿ ಒಪ್ಪೋದು" ಎಂದರು. ಮಗ ತಕ್ಷಣ, ನಮ್ಮ ಬೊಂಬೆ ಮೆಟ್ಟಿಲು ಒಂಬತ್ತು ಎಂದು ತನ್ನ ಪಟ್ಟಿಗೆ ಸೇರಿಸಲು ನೋಡಿದ. ಲಂಡನ್ನಿನವು ಮಾತ್ರ ಎಂಬ ನಿಯಮವನ್ನು ಅಕ್ಕ ನೆನಪಿಸಿದಳು.

ಆರನೆಯ ದಿನ ವಾಕ್ಸ್‌ಹಾಲ್ ನಿಲ್ದಾಣದಲ್ಲಿ ಇಳಿದು, ಗುಪ್ತಚರ ಸಂಸ್ಥೆಯ ದೊಡ್ಡ ಹಸಿರು ಗಾಜಿನ ಕಟ್ಟಡವನ್ನು ಮಗನಿಗೆ ತೋರಿಸಿ, ನದಿಯ ದಡ ಹಿಡಿದು ಆಲ್ಬರ್ಟ್ ಎಂಬಾಂಕ್‌ಮೆಂಟಿನ ಕಡೆಗೆ ನಡೆದೆವು. ಅಲ್ಲಿ ಬಸವೇಶ್ವರರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ್ದು. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿಯ ನೀರಜ್ ಪಾಟೀಲರ ಪ್ರಯತ್ನದಿಂದ ಅದು ಅಲ್ಲಿ ನಿಂತಿತು. ಚಿಕ್ಕದೊಂದು ತೋಟ, ಆಚೆ ಥೇಮ್ಸ್, ಕಣ್ಣು ಹಾಯಿಸಿದರೆ ದೂರದಲ್ಲಿ ಸಂಸತ್ ಭವನದ ಗೋಪುರಗಳು. ಪೀಠದ ಬುಡದಲ್ಲಿ ಯಾರೋ ಇಟ್ಟಿದ್ದ ಸೇವಂತಿಗೆ ಹೂಗಳು ಮಳೆಗೆ ನೆನೆದು ಬಾಡಿದ್ದವು, ಅತ್ತೆ ಅವುಗಳನ್ನು ಒಂದು ಪಕ್ಕಕ್ಕೆ ಸರಿಸಿ ನೀಟಾಗಿ ಇಟ್ಟರು. ಓಟಗಾರರು, ನಾಯಿ ಹಿಡಿದವರು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು.

ಅಲ್ಲಿಂದ ನಮ್ಮವರು ಏನೂ ಹೇಳದೆ ನಮ್ಮನ್ನು ಹಿಂದಕ್ಕೆ, ನಿಲ್ದಾಣದಾಚೆಗೆ, ಹದಿನೈದು ನಿಮಿಷ ನಡೆಸಿದರು. ಅತ್ತೆಯ ಷರತ್ತಿನಲ್ಲಿ ಇಷ್ಟು ನಡೆಯುವುದು ಇರಲಿಲ್ಲ. ಎದುರಿಗೆ ಎತ್ತರದ ಇಟ್ಟಿಗೆ ಗೋಡೆ, ಕಬ್ಬಿಣದ ಗೇಟು, ಹಿಂದೆ ಹಳೆಯ ಗ್ಯಾಸ್ ತೊಟ್ಟಿಯ ಕಬ್ಬಿಣದ ಹಂದರ. ಓವಲ್ ಕ್ರಿಕೆಟ್ ಮೈದಾನ. 1971ರ ಆಗಸ್ಟಿನಲ್ಲಿ ಇಲ್ಲಿಯೇ ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್, ಬಾಲ್ಯದಲ್ಲಿ ಪೋಲಿಯೊದಿಂದ ಸೊರಗಿದ ಬಲಗೈಯಿಂದಲೇ ಬೋಲ್ ಮಾಡಿ 38 ರನ್ನಿಗೆ 6 ವಿಕೆಟ್ ತೆಗೆದರು. ಇಂಗ್ಲೆಂಡ್ 101ಕ್ಕೆ ಕುಸಿಯಿತು, ಮರುದಿನ ವಾಡೇಕರರ ತಂಡ ನಾಲ್ಕು ವಿಕೆಟ್‌ಗಳಿಂದ ಗೆದ್ದು, ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವನ್ನು ಪಡೆಯಿತು. ಗೆದ್ದ ದಿನ ಗಣೇಶ ಚತುರ್ಥಿ. ಬೆಲ್ಲಾ ಎಂಬ ಆನೆಯೊಂದನ್ನು ಮೃಗಾಲಯದಿಂದ ತಂದು ಮೈದಾನದಲ್ಲಿ ನಡೆಸಿದ್ದರು. ಇದನ್ನೆಲ್ಲ ನಮ್ಮವರು ಗೇಟಿನ ಕಂಬಿ ಹಿಡಿದುಕೊಂಡು ಮಕ್ಕಳಿಗೆ ಹೇಳುತ್ತಿದ್ದಾಗ, ಅತ್ತೆ ಬಸ್ ನಿಲ್ದಾಣದ ಇಳಿಜಾರು ಹಲಗೆಯ ಮೇಲೆ ಹೇಗೋ ಕೂತು ಕೇಳಿಸಿಕೊಳ್ಳುತ್ತಿದ್ದರು.

"ಯಾವ ವರ್ಷ ಅಂದೆ?" ಎಂದು ಕೇಳಿದರು. ಎಪ್ಪತ್ತೊಂದು ಎಂದಾಗ ಅವರ ಮುಖದ ಬಣ್ಣ ಬದಲಾಯಿತು. ಅದು ಅವರ ಮದುವೆಯಾದ ವರ್ಷ, ಅತ್ತೆಮನೆಯಲ್ಲಿ ಮೊದಲ ಗೌರಿ ಹಬ್ಬ. ಬೆಳಿಗ್ಗೆ ಪೂಜೆ ಮುಗಿಸಿ, ಬಾಗಿನದ ಮೊರಗಳನ್ನು ಸಿದ್ಧಮಾಡಿ, ಸಂಜೆ ತವರಿಗೆ ಕರೆದೊಯ್ಯುತ್ತೇನೆಂದು ಹೇಳಿದ್ದ ನಮ್ಮ ಮಾವನವರು ರೇಡಿಯೊ ಮುಂದೆ ಕೂತವರು ಏಳಲಿಲ್ಲವಂತೆ. ಜರಿಸೀರೆ ಉಟ್ಟು, ಮುಡಿಗೆ ಮಲ್ಲಿಗೆ ಮುಡಿದು, ಮೊರ ಹಿಡಿದುಕೊಂಡು ಹೊಸ ಸೊಸೆ ಬಾಗಿಲಲ್ಲಿ ನಿಂತದ್ದು ಎಷ್ಟು ಹೊತ್ತೋ. ಒಳಗಿನಿಂದ ಚಂದ್ರಾ, ಚಂದ್ರಾ ಎಂಬ ಕೂಗು ಮಾತ್ರ ಬರುತ್ತಿತ್ತು. ಕಡೆಗೆ ಮೈದುನ ಸೈಕಲ್ಲಿನಲ್ಲಿ ಬಿಟ್ಟುಬಂದ. ಐವತ್ತಮೂರು ವರ್ಷಗಳಲ್ಲಿ ಈ ಕಥೆಯನ್ನು ನಾವು ಯಾರೂ ಕೇಳಿರಲಿಲ್ಲ. ಮಾವನವರು ತೀರಿಹೋಗಿ ಎಂಟು ವರ್ಷ.

ಅತ್ತೆ ಎದ್ದು ಬಂದು ಗೇಟಿನ ಸಂದಿಯಿಂದ ಒಳಗೆ ನೋಡಿದರು. ಕುರ್ಚಿಗಳ ಒಂದು ಮೂಲೆ, ಹಸಿರಿನ ಒಂದು ಚೂರು, ನೀರು ಹಾಯಿಸುವವನೊಬ್ಬ, ಅಷ್ಟೇ ಕಂಡದ್ದು. "ಇದಕ್ಕಾ ನಿಮ್ಮಪ್ಪ ನನ್ನ ಬಾಗಿಲಲ್ಲಿ ನಿಲ್ಲಿಸಿದ್ದು?" ಎಂದು ತಮ್ಮ ಮಗನನ್ನು ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ, "ಒಂದು ಫೋಟೋ ತೆಗಿ" ಎಂದು ತಾವೇ ಸೆರಗು ಸರಿಮಾಡಿಕೊಂಡು ಗೇಟಿಗೆ ಒರಗಿ ನಿಂತರು. ಲಂಡನ್ನಿನಲ್ಲಿ ಅವರಾಗಿ ಕೇಳಿ ತೆಗೆಸಿಕೊಂಡ ಚಿತ್ರ ಅದೊಂದೇ.

ಗ್ರೀನಿಚ್‌ಗೆ ದೋಣಿಯಲ್ಲಿ ಹೋದೆವು. ವೀಕ್ಷಣಾಲಯ ಗುಡ್ಡದ ಮೇಲಿದೆ. ಅತ್ತೆಯನ್ನು ಕೆಳಗಿನ ಹುಲ್ಲುಬಯಲಿನ ಬೆಂಚಿನಲ್ಲಿ ಮಗಳ ಜೊತೆ ಬಿಟ್ಟು, ನಾವು ಮೂವರು ಹತ್ತಿಹೋಗಿ, ಶೂನ್ಯ ರೇಖಾಂಶದ ಲೋಹದ ಪಟ್ಟಿಯ ಆಚೆಗೊಂದು ಈಚೆಗೊಂದು ಕಾಲಿಡಲು ಸಾಲಿನಲ್ಲಿ ನಿಂತೆವು. 1833ರಿಂದ ಅಲ್ಲಿ ದಿನವೂ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಗೋಪುರದ ತುದಿಯ ಕೆಂಪು ಚೆಂಡೊಂದು ಕೆಳಗೆ ಬೀಳುತ್ತದೆ, ನದಿಯಲ್ಲಿದ್ದ ಹಡಗುಗಳವರು ಗಡಿಯಾರ ಸರಿಮಾಡಿಕೊಳ್ಳಲೆಂದು ಮಾಡಿದ್ದು. ಸಾಲು ಮುಂದಕ್ಕೆ ಸರಿಯುವ ಗಡಿಬಿಡಿಯಲ್ಲಿ ನಾವು ಅದನ್ನು ನೋಡಲೇ ಇಲ್ಲ. ಅತ್ತೆ ನೋಡಿದ್ದರು. ಕೆಳಗಿನವರಿಗೆ ಕಾಣಲೆಂದೇ ಮಾಡಿದ್ದಲ್ಲವೇ. "ನಿಧಾನಕ್ಕೆ ಮೇಲೆ ಹೋಯ್ತು, ಒಂದು ಕ್ಷಣ ನಿಂತ್ಕೊಳ್ತು, ಇಳೀತು. ನೀವು ಅಷ್ಟು ಮೇಲೆ ಹೋಗಿ ಏನು ನೋಡಿದ್ರಿ?" ಎಂದು ಕೇಳಿದರು.

ಕ್ಯೂ ಉದ್ಯಾನಕ್ಕೆ ಈಲಿಂಗ್‌ನಿಂದ 65ನೆಯ ನಂಬರಿನ ಬಸ್ಸು ಸಾಕು. ನಮ್ಮ ಲಾಲ್‌ಬಾಗ್ ನೋಡಿಕೊಂಡ ಕ್ಯಾಮರಾನ್, ಅಲ್ಲಿ ಆಮೇಲೆ ಕೆಲಸ ಮಾಡಿ ಬೃಂದಾವನವನ್ನೂ ರೂಪಿಸಿದ ಕ್ರುಂಬಿಗಲ್, ಇಬ್ಬರೂ ಕ್ಯೂನಲ್ಲಿ ಇದ್ದು ಬಂದವರು. 1848ರಲ್ಲಿ ಮುಗಿದ ತಾಳೆಮನೆಯ ಗಾಜಿನ ಕಮಾನಿನೊಳಗೆ ಬಾಳೆಗಿಡವನ್ನು ಬೆಚ್ಚಗಿನ ಹಬೆಯಲ್ಲಿ ಜೋಪಾನ ಮಾಡಿರುವುದನ್ನು ಕಂಡು ಅತ್ತೆಗೆ ಕನಿಕರವಾಯಿತು. ಬೆಂಚುಗಳ ಲೆಕ್ಕದಲ್ಲಿ ಅದಕ್ಕೆ ಸಮನಾದ ಜಾಗ ಇನ್ನೊಂದಿಲ್ಲ. ಹಿತ್ತಾಳೆಯ ತಗಡುಗಳನ್ನು ಓದುತ್ತಾ ಓದುತ್ತಾ ಮಗಳ ಗಂಟಲು ಒಣಗಿತು.

ಮಗನ ಎಣಿಕೆ ಅಷ್ಟರಲ್ಲಿ ಸಾಕಷ್ಟು ಬೆಳೆದಿತ್ತು. ಒಂದು ಸಂಜೆ ತಂದೆ ಮಗ ಇಬ್ಬರೇ ಕೋವೆಂಟ್ ಗಾರ್ಡನ್ ನಿಲ್ದಾಣಕ್ಕೆ ಹೋಗಿ, ಲಿಫ್ಟ್ ಬಳಸಿರಿ, ಇದು ಹದಿನೈದು ಮಹಡಿಗೆ ಸಮ ಎಂಬ ಎಚ್ಚರಿಕೆಯನ್ನು ಓದಿಯೂ 193 ಮೆಟ್ಟಿಲು ಹತ್ತಿದ್ದರು. ಮರುದಿನ ಬೆಳಿಗ್ಗೆ ನಮ್ಮವರು ಅತ್ತೆಯ ನೋವಿನೆಣ್ಣೆ ಕೇಳಿದರು. ಕೊನೆಯ ದಿನಕ್ಕೆಂದು ಮಗ ಕಾದಿರಿಸಿಕೊಂಡಿದ್ದದ್ದು ಮಾನ್ಯುಮೆಂಟ್. 1666ರ ಸೆಪ್ಟೆಂಬರಿನಲ್ಲಿ ಪುಡಿಂಗ್ ಲೇನಿನ ಬ್ರೆಡ್ಡಿನ ಅಂಗಡಿಯೊಂದರಲ್ಲಿ ಹತ್ತಿದ ಬೆಂಕಿ ನಾಲ್ಕು ದಿನ ಉರಿದು ಹದಿಮೂರು ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು; ಅದರ ನೆನಪಿಗೆ 1677ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಕಂಬ ಇದು. 202 ಅಡಿ ಎತ್ತರ, ಬೆಂಕಿ ಹತ್ತಿದ ಜಾಗಕ್ಕೂ ಕಂಬದ ಬುಡಕ್ಕೂ ಇರುವ ದೂರವೂ ಅಷ್ಟೇ. ಒಳಗೆ ಸುರುಳಿ ಮೆಟ್ಟಿಲು, 311. ಲಿಫ್ಟ್ ಇಲ್ಲ, ಇದೆ ಎಂದು ಯಾರೂ ಬರೆದೂ ಇಲ್ಲ. ಈ ಸಲ ಮಗಳೂ ಹೋದಳು, ನಾನೂ ಹೋದೆ. ಅತ್ತೆ ನಮ್ಮ ಐದು ಬ್ಯಾಗು, ನಾಲ್ಕು ಕೋಟು, ಎರಡು ಛತ್ರಿಗಳನ್ನು ಸುತ್ತ ಇಟ್ಟುಕೊಂಡು ಎದುರಿನ ಕಲ್ಲುಬೆಂಚಿನಲ್ಲಿ ಕೂತರು. ತಗಡು ಇರಲಿಲ್ಲ, ಆದರೂ ಒಮ್ಮೆ ಮುಟ್ಟಿ ಕೂತರು.

ಇಳಿದು ಬರುವಾಗ ನಮ್ಮ ನಾಲ್ವರ ಕೈಯಲ್ಲೂ ಒಂದೊಂದು ಪ್ರಮಾಣಪತ್ರವಿತ್ತು. 311 ಮೆಟ್ಟಿಲು ಹತ್ತಿದವರಿಗೆಲ್ಲ ಕೊಡುತ್ತಾರೆ. ಮಗ ತನ್ನದನ್ನು ಅಜ್ಜಿಯ ಮುಖಕ್ಕೆ ಹಿಡಿದು, ಒಂದೊಂದು ಅಕ್ಷರ ಓದಿ, ಕನ್ನಡದಲ್ಲಿ ಹೇಳಿದ. ಅವರು ಕನ್ನಡಕ ಹಾಕಿಕೊಂಡು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮಡಿಕೆ ಬೀಳದ ಹಾಗೆ ಅವನಿಗೇ ವಾಪಸು ಕೊಟ್ಟು, "ಹತ್ತಿದವರಿಗೆ ಇದಾಯ್ತು. ಕೆಳಗೆ ಕೂತು ಸಾಮಾನು ಕಾದೋರಿಗೆ ಏನು ಕೊಡ್ತಾರಂತೆ, ಕೇಳ್ಕೊಂಡು ಬಾ" ಎಂದರು. ಮಗ ನಿಜವಾಗಿಯೂ ಕೇಳಲು ಓಡಿದ. ಬಾಗಿಲ ಬಳಿಯಿದ್ದ ಹೆಂಗಸು ಅವನ ಮಾತು ಕೇಳಿ, ಹೊರಗೆ ಬಗ್ಗಿ ಬೆಂಚಿನ ಕಡೆ ನೋಡಿ, ಇನ್ನೊಂದು ಪ್ರಮಾಣಪತ್ರವನ್ನು ಅವನ ಕೈಗಿತ್ತಳು. ಅತ್ತೆ ಅದನ್ನು ಚಟ್ನಿಪುಡಿಯ ಡಬ್ಬಿಯ ಕೆಳಗೆ, ಎಣ್ಣೆ ತಾಕದಂತೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಂಡರು. ಮನೆಗೆ ಹೋಗಿ ಹತ್ತಬೇಕಾದ ಮೂವತ್ನಾಲ್ಕು ಇನ್ನೂ ಬಾಕಿ ಇದ್ದವು.